ಕೊನೆಯ ಗದ್ದೆಗೆ ನೀರು ಹರಿದ ಮೇಲೆ ಉಳಿತಾಯದ ಮಾತು

ಮೊಬೈಲ್ ಕಂಪನಿಗಳ ಪ್ರಕಟಣೆಗಳಲ್ಲೂ ನಮ್ಮ ಕ್ಷೇತ್ರದ ಸಂಶೋಧನಾ ಪ್ರಬಂಧಗಳಲ್ಲೂ ಈಗ ಒಂದೇ ಮಂತ್ರ: ವಿದ್ಯುತ್ ಉಳಿಸಿ. ಉಳಿಸಲಿ, ನನ್ನ ತಕರಾರಿಲ್ಲ. ತಕರಾರಿರುವುದು ಉಳಿತಾಯದ ಲೆಕ್ಕ ಬರೆಯುವ ಕ್ರಮದ ಬಗ್ಗೆ. ಆ ಲೆಕ್ಕದಲ್ಲಿ ಟವರಿನಿಂದ ದೂರ ಇರುವವರು ಮನುಷ್ಯರಾಗಿ ಕಾಣುವುದಿಲ್ಲ, ಖರ್ಚಿನ ಬಾಬತ್ತಾಗಿ ಕಾಣುತ್ತಾರೆ.

ನಾನು ಪಿಎಚ್‌ಡಿಗೆ ಆರಿಸಿಕೊಂಡಿರುವ ವಿಷಯ ಡೌನ್‌ಲಿಂಕ್ ಶೆಡ್ಯೂಲಿಂಗ್. ಟವರಿನಿಂದ ಫೋನುಗಳ ಕಡೆಗೆ ಹರಿಯುವ ಮಾಹಿತಿಯನ್ನು ಯಾರಿಗೆ, ಯಾವಾಗ, ಎಷ್ಟು ಶಕ್ತಿ ಹಾಕಿ ಕಳಿಸಬೇಕು ಎಂದು ತೀರ್ಮಾನಿಸುವ ಕೆಲಸ ಅದು. 4ಜಿಯಲ್ಲಿ ಈ ತೀರ್ಮಾನ ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ 1000 ಸಲ ಆಗುತ್ತದೆ. ನಮ್ಮ ಕೆರೆಯ ಊರುಗಳಲ್ಲಿ ಇಂಥ ಕೆಲಸ ಮಾಡುವವನಿಗೆ ನೀರುಗಂಟಿ ಎಂದು ಹೆಸರು. ತೂಬು ಎತ್ತುವುದು, ಗದ್ದೆಯಿಂದ ಗದ್ದೆಗೆ ಸರದಿಯಂತೆ ನೀರು ತಿರುಗಿಸುವುದು ಅವನ ಹೊಣೆ. ಶೆಡ್ಯೂಲರ್ ಟವರಿನ ನೀರುಗಂಟಿ.

ಈ ನೀರುಗಂಟಿಗೆ ನಾವು ಕೊಟ್ಟಿರುವ ಅಳತೆಗೋಲು 'ಒಂದು ಜೌಲ್ ಶಕ್ತಿಗೆ ಎಷ್ಟು ಬಿಟ್' ಎಂಬುದು. ದೂರ ಇಮ್ಮಡಿಯಾದರೆ, ಅಡ್ಡಿಯಿಲ್ಲದ ಬಯಲಿನಲ್ಲೂ ತಲುಪುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಮರ, ಗುಡ್ಡ, ಗೋಡೆಗಳಿದ್ದರೆ ಹದಿನಾರರಲ್ಲಿ ಒಂದು ಭಾಗಕ್ಕೂ ಇಳಿಯಬಹುದು. ಹಾಗಾಗಿ ಟವರಿನ ಬುಡದಲ್ಲಿ ಕೂತು ಸಿನಿಮಾ ನೋಡುವವರಿಗೆ ಬಿಟ್ಟು ಸುರಿದರೆ ಅಂಕ ಏರುತ್ತದೆ, ಅಂಚಿನಲ್ಲಿ ಆಂಬುಲೆನ್ಸಿಗೆ ಕರೆ ಮಾಡುವವರ ಮಾತು ದಾಟಿಸಿದರೆ ಅಂಕ ಬೀಳುತ್ತದೆ. ಇದೇ ಕೋಲು ಹಿಡಿದು ಅಳೆದರೆ, ಮೇಲಿನವರು ಭತ್ತ ಬೆಳೆದು ಕೊನೆ ಭಾಗದ ರೈತ ಒಣಗುವ ಕಾಲುವೆಯೂ ದಕ್ಷತೆಯ ಮಾದರಿಯಾಗುತ್ತದೆ.

ಇದಕ್ಕೆ ಸಿದ್ಧ ಉತ್ತರವೊಂದಿದೆ: 'ಏನು ಮಾಡುವುದು, ವಿಶ್ವಾಸಾರ್ಹತೆ ದುಬಾರಿ.' ಅರ್ಧ ನಿಜ. ಸಿಗ್ನಲ್ ಏಳುತ್ತ ಬೀಳುತ್ತ ಬರುವ ಕಡೆ, ಅದಕ್ಕೆ ಒಂದೇ ದಾರಿಯಿದ್ದರೆ, ಶೇ. 90ರ ಖಾತರಿಯನ್ನು 99ಕ್ಕೆ ಏರಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. 99.9ಕ್ಕೆ ಮತ್ತೆ ಹತ್ತು ಪಟ್ಟು. 5ಜಿ ತನ್ನ ಅತಿ ತುರ್ತಿನ ಸೇವೆಗೆ ಇಟ್ಟುಕೊಂಡ ಗುರಿ ಶೇ. 99.999, 32 ಬೈಟ್‌ಗಳು 1 ಮಿಲಿಸೆಕೆಂಡಿನೊಳಗೆ ತಲುಪಬೇಕು. ಬರೀ ಶಕ್ತಿಯ ಬಲದಿಂದ ಅಲ್ಲಿಗೆ ಹೋಗಬೇಕೆಂದರೆ ಶೇ. 90ಕ್ಕೆ ಬೇಕಾದದ್ದರ ಹತ್ತು ಸಾವಿರ ಪಟ್ಟು ಸುರಿಯಬೇಕು.

ಆದರೆ ಬರೀ ಶಕ್ತಿಯನ್ನೇ ನಂಬಿ ಎಂದು ಹೇಳಿದವರು ಯಾರು? ಒಂದರ ಹಂಗಿಲ್ಲದ ಎರಡು ದಾರಿಗಳಲ್ಲಿ, ಅಂದರೆ ಎರಡು ಆಂಟೆನಾಗಳಲ್ಲೋ ದೂರದೂರದ ಎರಡು ತರಂಗಾಂತರಗಳಲ್ಲೋ ಅದೇ ಮಾತನ್ನು ಕಳಿಸಿದರೆ, ಒಂದೊಂದು 9 ಸೇರಿಸಲು ಹತ್ತು ಪಟ್ಟಲ್ಲ, ಸುಮಾರು ಮೂರು ಪಟ್ಟು ಸಾಕು. 4ಜಿಯ ಜಾಣತನ ಇನ್ನೂ ಸರಳ. ಮೊದಲ ಯತ್ನದಲ್ಲಿ ನೂರಕ್ಕೆ ಹತ್ತು ಪ್ಯಾಕೆಟ್ ಕೆಟ್ಟರೆ ಕೆಡಲಿ ಎಂದು ಅದು ಹೊರಡುತ್ತದೆ. ಕೆಟ್ಟದ್ದನ್ನು ಸಾಮಾನ್ಯವಾಗಿ 8 ಮಿಲಿಸೆಕೆಂಡ್ ಬಿಟ್ಟು ಮತ್ತೆ ಕಳಿಸುತ್ತದೆ. ಫೋನು ಹಳೆಯ ಹಾಳು ಪ್ರತಿಯನ್ನೂ ಎಸೆಯದೆ ಹೊಸದರ ಜೊತೆ ಸೇರಿಸಿ ಓದಿಕೊಳ್ಳುತ್ತದೆ. ಸೋಲನ್ನು ಅಗ್ಗವಾಗಿ ಸರಿಪಡಿಸುವುದೂ ವಿಶ್ವಾಸಾರ್ಹತೆಯೇ.

ಇಲ್ಲಿ ನಿಜವಾಗಿ ಖರ್ಚಾಗುವುದು ಸಮಯ. ಕ್ಲಾಡ್ ಶಾನನ್ 1948ರಲ್ಲಿ ಕೊಟ್ಟ ಸೂತ್ರ ಇದನ್ನೇ ಹೇಳುತ್ತದೆ. ಒಂದು ಹರ್ಟ್ಸ್ ಅಗಲದಲ್ಲಿ ಸೆಕೆಂಡಿಗೆ 2 ಬಿಟ್ ಕಳಿಸುವವರು 4 ಬಿಟ್ ಕಳಿಸಹೊರಟರೆ ಶಕ್ತಿ ಐದು ಪಟ್ಟಾಗುತ್ತದೆ. ತಿರುಗಿಸಿ ಓದಿದರೆ, ಪ್ರಸಾರದ ಶಕ್ತಿಯನ್ನಷ್ಟೇ ಲೆಕ್ಕ ಹಿಡಿದಾಗ, ಅದೇ ಮಾಹಿತಿಯನ್ನು ಇಮ್ಮಡಿ ಸಮಯ ತೆಗೆದುಕೊಂಡು ಕಳಿಸುವವರು ಶೇ. 60 ಉಳಿಸುತ್ತಾರೆ. ಹಾಗಾದರೆ ಕೇಳಬೇಕಾದ ಪ್ರಶ್ನೆ 'ವಿಶ್ವಾಸವೋ ಉಳಿತಾಯವೋ' ಅಲ್ಲ, 'ಯಾರು ಕಾಯಬಲ್ಲರು' ಎಂಬುದು. ಸಿನಿಮಾ ಕಾಯಬಲ್ಲದು, ಮುಂದಿನ ಕೆಲವು ಸೆಕೆಂಡಿನ ದೃಶ್ಯ ಫೋನಿನೊಳಗೆ ಮೊದಲೇ ಬಂದು ಕೂತಿರುತ್ತದೆ. ತುರ್ತು ಕರೆ ಕಾಯಲಾರದು. ಉಳಿತಾಯವನ್ನು ಕಾಯಬಲ್ಲವರಿಂದ ವಸೂಲು ಮಾಡಬೇಕು. ಈಗ ಅದನ್ನು ತೆರುತ್ತಿರುವವರು ದೂರದಲ್ಲಿರುವವರು.

ಈ ಅನ್ಯಾಯಕ್ಕೆ ಸರಾಸರಿ ಒಳ್ಳೆಯ ಮುಸುಕು. ನೂರು ಜನರಿದ್ದಾರೆ ಎಂದುಕೊಳ್ಳಿ. 95 ಜನರಿಗೆ ಶೇ. 99.99ರ ಖಾತರಿ, ಐವರಿಗೆ 80. ಸರಾಸರಿ ಸುಮಾರು 99. ವರದಿಗೆ ಚೆಂದ, ಆ ಐವರಿಗೆ ಐದು ಪ್ಯಾಕೆಟ್ಟಿಗೊಂದು ನಷ್ಟ. ನಮ್ಮ ಟ್ರಾಯ್‌ಗೂ ಇದು ಅರ್ಥವಾಗಿತ್ತು. ಮೊದಲು ಇಡೀ ಸರ್ಕಲ್‌ನ ಸರಾಸರಿ ಕಾಲ್ ಡ್ರಾಪ್ ಶೇ. 2 ಮೀರದಿದ್ದರೆ ಕಂಪನಿ ಪಾಸು. ಕರ್ನಾಟಕ ಒಂದು ಸರ್ಕಲ್. ಬೆಂಗಳೂರೂ ಆಗುಂಬೆಯೂ ಅದೇ ಸರಾಸರಿಯೊಳಗೆ. 2017ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮ, ಶೇ. 90ರಷ್ಟು ಸೆಲ್‌ಗಳು ಶೇ. 90ರಷ್ಟು ದಿನಗಳಲ್ಲಿ ಆ ಮಿತಿಯೊಳಗೆ ಇರಬೇಕೆಂದಿತು. ಒಳ್ಳೆಯ ಹೆಜ್ಜೆ. ಆದರೆ ಉಳಿದ ಹತ್ತರಲ್ಲಿ ಯಾರಿದ್ದಾರೆ? ಒಂದು ಸೆಲ್ಲಿನೊಳಗೂ ಬುಡದವರನ್ನು, ಅಂಚಿನವರನ್ನು ಮತ್ತೆ ಒಟ್ಟಿಗೇ ಎಣಿಸುತ್ತೇವಲ್ಲ? 2020ರಲ್ಲಿ ಆನ್‌ಲೈನ್ ತರಗತಿಗಾಗಿ ಮಳೆಯಲ್ಲಿ ಗುಡ್ಡ ಹತ್ತಿದ ಮಲೆನಾಡಿನ ಮಕ್ಕಳು ಸರಾಸರಿಯಲ್ಲಿ ಕಾಣುವವರಲ್ಲ.

ವಿದ್ಯುತ್ ಮುಖ್ಯವಲ್ಲ ಎಂದು ಯಾರೂ ಓದಿಕೊಳ್ಳಬೇಡಿ. ಕರೆಂಟು ಹೋದಾಗ ಹಳ್ಳಿಯ ಟವರು ನಿಲ್ಲುವುದು ಬ್ಯಾಟರಿ, ಡೀಸೆಲ್ ಮೇಲೆ. ಪೋಲು ಮಾಡಿದರೆ ಆ ಹಳ್ಳಿಯೇ ಮೊದಲು ಕತ್ತಲಾಗುತ್ತದೆ. ಹಾಗೆಂದೇ ನನ್ನ ವಾದ ಕ್ರಮದ ಬಗ್ಗೆ. ವಿಶ್ವಾಸಾರ್ಹತೆಗೆ ಇಷ್ಟು ತೂಕ, ಉಳಿತಾಯಕ್ಕೆ ಇಷ್ಟು ತೂಕ ಎಂದು ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ಪ್ರಬಂಧಗಳನ್ನು ನಾನು ವಾರವಾರವೂ ಓದುತ್ತೇನೆ. ಆ ತೂಕದ ಕಲ್ಲನ್ನು ಆರಿಸಿದವರು ಯಾರು, ಯಾಕೆ ಎಂಬುದಕ್ಕೆ ಅಲ್ಲಿ ಒಂದು ಸಾಲೂ ಇರುವುದಿಲ್ಲ. ಕಲ್ಲು ಸ್ವಲ್ಪ ಸರಿಸಿದರೆ ಸಾಕು, ಅಂಚಿನ ಒಂದು ಮನೆಯ ಫೋನು ಮೂಕವಾಗುತ್ತದೆ. ಗ್ರಾಫಿನಲ್ಲಿ ಅದು ನುಣುಪಾದ ಒಂದು ಇಳಿಜಾರು, ಅಷ್ಟೇ.

ಕೆಲಸ ಹೀಗಾಗಲಿ. ಪ್ರತಿಯೊಬ್ಬರಿಗೂ, ಅದರಲ್ಲೂ ತೀರ ಕೆಟ್ಟ ಸಿಗ್ನಲ್ ಇರುವವರಿಗೆ, ಇದಕ್ಕಿಂತ ಕೆಳಗೆ ಇಳಿಯಬಾರದು ಎಂಬ ಒಂದು ಗೆರೆ ಇರಲಿ. ಆ ಗೆರೆ ದಾಟದೆ ಎಷ್ಟು ವಿದ್ಯುತ್ ಉಳಿಸಬಹುದೋ ಅಷ್ಟನ್ನೂ ಉಳಿಸೋಣ. ಅದಕ್ಕೆ ಬೇಕಾದಷ್ಟು ಗಣಿತ ನಮ್ಮಲ್ಲಿದೆ. ಫಲಿತಾಂಶ ಬರೆಯುವಾಗ ಸರಾಸರಿಯ ಪಕ್ಕದಲ್ಲೇ ಕೊನೆಯ ಶೇ. 5 ಜನರ ಅಂಕವನ್ನೂ ಬರೆಯೋಣ. ಸೇವೆಯ ವೇಗಕ್ಕೆ ಇಂಥ ಅಳತೆಯೊಂದು 5ಜಿಯ ಅಂತರರಾಷ್ಟ್ರೀಯ ಮಾನದಂಡಗಳಲ್ಲಿ ಆಗಲೇ ಇದೆ. ಉಳಿತಾಯದ ಪ್ರಬಂಧಗಳು ಅದನ್ನು ಬಿಟ್ಟು ಹೋಗುವುದಕ್ಕೆ ನನಗಂತೂ ತಾಂತ್ರಿಕ ಕಾರಣ ಕಾಣುತ್ತಿಲ್ಲ.