ಊರಿನ ಪುಸ್ತಕ, ಪರದೇಶದ ಕಪಾಟು

ಮೊನ್ನೆ ಕಾರ್ಯನಿಮಿತ್ತ ಕಟ್ಟಾಯಕ್ಕೆ ಹೋಗಿದ್ದಾಗ, ಬಾಲ್ಯದಲ್ಲಿ ನನಗೆ ಕನ್ನಡ ಕಲಿಸಿದ ವೃದ್ಧ ಉಪಾಧ್ಯಾಯರ ದರ್ಶನವಾಯಿತು. ಅವರು ಮೊಮ್ಮಗನ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಹಳೆಯ ಪುಸ್ತಕವೊಂದನ್ನು ಓದುತ್ತಿದ್ದರು. ಗೊರೂರು ಕಟ್ಟಾಯಕ್ಕೆ ದೂರವಲ್ಲ. ಆದರೆ ಆ ಪುಸ್ತಕ ಗೊರೂರಿನಿಂದ ಬಂದುದಲ್ಲ. ಅಮೆರಿಕದ ಗಣಕಯಂತ್ರವೊಂದರಿಂದ ಇಳಿದುಬಂದುದು. “ಹಾಸನದ ಅಂಗಡಿಗಳಲ್ಲೆಲ್ಲ ಹುಡುಕಿಸಿದೆನಪ್ಪಾ, ಸಿಗಲಿಲ್ಲ. ಇವನು ಕಣ್ಣು ಮಿಟುಕಿಸುವುದರೊಳಗೆ ತಂದುಕೊಟ್ಟ. ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೂ ಕಳಿಸಿದೆ” ಎಂದರು. ಸ್ವಲ್ಪ ತಡೆದು, “ಇದರಲ್ಲಿ ತಪ್ಪೇನಾದರೂ ಉಂಟೇ?” ಎಂದು ಕೇಳಿದರು. ಗುರುಗಳಿಗೆ ಆಗ ಉತ್ತರ ಹೇಳಲಾರದೆ ಬಂದೆ. ಈಗ ಹೇಳಲೆತ್ನಿಸುತ್ತೇನೆ.

‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ತಾವಷ್ಟೇ ಅಲ್ಲ, ತಮ್ಮ ಪುಸ್ತಕಗಳೂ ಒಂದು ದಿನ ಸಮುದ್ರ ದಾಟಿ, ಅಲ್ಲಿಂದ ಹೇಮಾವತಿಯ ದಡಕ್ಕೆ ಮರಳಿ ಬಂದಾವೆಂದು ಅವರು ಊಹಿಸಿರಲಾರರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೈಜೋಡಿಸಿದ್ದ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಯೋಜನೆಯಲ್ಲಿ ಅಸಂಖ್ಯ ಕನ್ನಡ ಗ್ರಂಥಗಳ ಪುಟಗಳಿಗೆ ಛಾಯಾಪ್ರತಿ ತೆಗೆಯಲಾಯಿತು. ಅವುಗಳಲ್ಲಿ ಹಲವು ಇಂದು ಅಮೆರಿಕದ ‘ಇಂಟರ್ನೆಟ್ ಆರ್ಕೈವ್’ ಎಂಬ ಭಂಡಾರದಲ್ಲಿವೆ. ಗೆದ್ದಲು ತಿನ್ನಲಿದ್ದ ಎಷ್ಟೋ ಗ್ರಂಥಗಳು ಹೀಗೆ ಉಳಿದುವು. ಈ ಉಪಕಾರವನ್ನು ಮರೆಯಲಾಗದು.

ಆದರೆ ಉಳಿಸುವುದು ಬೇರೆ, ಹಂಚುವುದು ಬೇರೆ. ೧೯೫೭ರ ನಮ್ಮ ಗ್ರಂಥಸ್ವಾಮ್ಯ ಶಾಸನದ ಪ್ರಕಾರ ಲೇಖಕನ ಜೀವಿತಕಾಲವಲ್ಲದೆ, ಆತ ತೀರಿಕೊಂಡ ಮರುವರ್ಷದಿಂದ ೬೦ ವರ್ಷಗಳವರೆಗೆ ಸ್ವಾಮ್ಯ ಉಳಿಯುತ್ತದೆ. ೧೯೯೨ರ ತಿದ್ದುಪಡಿಗೆ ಮುಂಚೆ ಈ ಅವಧಿ ೫೦ ವರ್ಷಗಳಷ್ಟಿತ್ತು. ಗೊರೂರರು ೧೯೯೧ರಲ್ಲಿ ತೀರಿಕೊಂಡರು. ಅವರ ಕೃತಿಗಳ ಸ್ವಾಮ್ಯ ೨೦೫೧ರ ಕೊನೆಯವರೆಗೆ ನಡೆಯುತ್ತದೆ. ಅರಕಲಗೂಡಿನ ಹೆಸರನ್ನು ತಮ್ಮ ಹೆಸರಿನ ಮೊದಲಲ್ಲೇ ಹೊತ್ತ, ಲೇಖನಿಯನ್ನೇ ನಂಬಿ ಬದುಕಿದ ಅ.ನ.ಕೃ. ಅವರದು ೨೦೩೧ರವರೆಗೆ. ೨೦೨೫ರಲ್ಲಿ ನಮ್ಮನ್ನಗಲಿದ, ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರದು ೨೦೮೫ರವರೆಗೆ.

ಸಮುದ್ರ ದಾಟಿದರೆ ಲೆಕ್ಕವೇ ಬೇರೆ. ಬಿ.ಎಂ. ಶ್ರೀಯವರು ತೀರಿಕೊಂಡದ್ದು ೧೯೪೬ರಲ್ಲಿ. ೨೦೦೭ರ ಆರಂಭದಿಂದ ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು ನಮ್ಮ ನಾಡಿನಲ್ಲಿ ಸರ್ವರ ಸೊತ್ತು. ಅಮೆರಿಕವಾದರೋ, ೧೯೯೬ರಲ್ಲಿ ತಾಯ್ನಾಡಿನಲ್ಲಿ ಸ್ವಾಮ್ಯ ಉಳಿದಿದ್ದ ಇಂಥ ಪರದೇಶದ ಪುಸ್ತಕಗಳಿಗೆ ಮೊದಲ ಮುದ್ರಣದಿಂದ ೯೫ ವರ್ಷಗಳ ರಕ್ಷಣೆ ಕೊಟ್ಟಿದೆ. ಆದಕಾರಣ ಅವರ ಪುಸ್ತಕವೊಂದು ೧೯೩೫ರಲ್ಲಿ ಮೊದಲು ಅಚ್ಚಾಗಿದ್ದರೆ, ಇಲ್ಲಿ ಬಂಧಮುಕ್ತವಾದ ಅದು ಅಲ್ಲಿ ೨೦೩೦ರ ಕೊನೆಯವರೆಗೆ ಬಂಧಿ. ಗೊರೂರರ ಪುಸ್ತಕವೊಂದು ೧೯೪೮ರಲ್ಲಿ ಮೊದಲು ಅಚ್ಚಾಗಿದ್ದರೆ, ಅದು ಅಲ್ಲಿ ೨೦೪೩ರ ಅನಂತರ ಮುಕ್ತ. ಇಲ್ಲಿ ಮತ್ತೆ ಎಂಟು ವರ್ಷ ಕಾಯಬೇಕು. ಪುಸ್ತಕ ಒಂದೇ, ಅಕ್ಷರ ಒಂದೇ. ನಿಂತ ನೆಲದ ಮೇಲೆ ಅದರ ನ್ಯಾಯ. ೧೮೮೬ರ ಬರ್ನ್ ಒಪ್ಪಂದ ದೇಶದೇಶಗಳನ್ನು ಒಂದು ಸೂತ್ರದಲ್ಲಿ ಪೋಣಿಸಿತೇ ಹೊರತು ಅವಧಿಗಳನ್ನು ಒಂದಾಗಿಸಲಿಲ್ಲ.

ನ್ಯಾಯಸಮ್ಮತ ಬಳಕೆಯ ಮಾತೂ ಹೀಗೆಯೇ. ಅಮೆರಿಕದ ನ್ಯಾಯಾಲಯವು ಬಳಕೆಯ ಉದ್ದೇಶ, ಕೃತಿಯ ಸ್ವರೂಪ, ತೆಗೆದುಕೊಂಡ ಪ್ರಮಾಣ, ಮಾರುಕಟ್ಟೆಗಾದ ಪೆಟ್ಟು ಎಂಬ ನಾಲ್ಕನ್ನು ತೂಗಿ ನೋಡುತ್ತದೆ. ನಮ್ಮ ಶಾಸನದ ೫೨ನೆಯ ಕಲಮು ಸ್ವಂತ ಓದು, ಸಂಶೋಧನೆ, ವಿಮರ್ಶೆ, ಬೋಧನೆ ಎಂದು ಉದ್ದೇಶಗಳನ್ನು ಎಣಿಸಿಕೊಡುತ್ತದೆ. ವಿದ್ಯಾರ್ಥಿಗಳ ಪಾಠಕ್ಕಾಗಿ ಪುಸ್ತಕದ ಭಾಗಗಳನ್ನು ಪ್ರತಿಮಾಡಿಕೊಟ್ಟದ್ದನ್ನು ದೆಹಲಿಯ ಉಚ್ಚ ನ್ಯಾಯಾಲಯ ೨೦೧೬ರಲ್ಲಿ ಎತ್ತಿಹಿಡಿಯಿತು. ಇಡೀ ಪುಸ್ತಕಗಳ ಗಣಕಪ್ರತಿಗಳನ್ನು ಎರವಲು ಕೊಡುತ್ತಿದ್ದ ಇಂಟರ್ನೆಟ್ ಆರ್ಕೈವಿನ ವಾದವನ್ನು ಅಮೆರಿಕದ ಮೇಲ್ಮನವಿ ನ್ಯಾಯಾಲಯ ೨೦೨೪ರಲ್ಲಿ ತಳ್ಳಿಹಾಕಿತು.

ನಮ್ಮವರದೇ ಒಂದು ನಿದರ್ಶನವೂ ಉಂಟು. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ಸ್ವಾಮ್ಯದ ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ೨೦೦೯ರಲ್ಲಿ ಇತ್ಯರ್ಥವಾಯಿತು. ನ್ಯಾಯಾಲಯ ಕಾರಂತರ ಉಯಿಲಿನಂತೆ ಬಂದ ಹಕ್ಕನ್ನು ಮನ್ನಿಸಿತು. ಜೊತೆಗೆ ಶಾಸನದ ಮಿತಿಯೊಳಗಣ ಬೋಧನೆಗೂ, ಹವ್ಯಾಸಿಗಳು ಹಣ ಪಡೆಯದೆ ನಡೆಸುವ ಪ್ರದರ್ಶನಕ್ಕೂ ತಡೆಯಾಜ್ಞೆ ಅನ್ವಯಿಸದೆಂದಿತು. ಒಡೆತನಕ್ಕೂ ಗೌರವ, ವಿದ್ಯೆಗೂ ದಾರಿ: ನ್ಯಾಯದ ತಕ್ಕಡಿ ಹೀಗಿರಬೇಕು.

ನಮ್ಮ ಪುಸ್ತಕಲೋಕ ಚಿಕ್ಕದು. ಕನ್ನಡದ ಕಾದಂಬರಿಯೊಂದು ಸಾವಿರ ಪ್ರತಿ ಖರ್ಚಾದರೆ ಸಂತೋಷಪಡುವ ಪ್ರಕಾಶಕರೇ ಹೆಚ್ಚು. ಹೊಸ ಪುಸ್ತಕ ಹೊರಬಂದ ವಾರದಲ್ಲೇ ಅದರ ಪಿಡಿಎಫ್ ಟೆಲಿಗ್ರಾಂನಲ್ಲಿ ಸಾವಿರಾರು ಜನರ ಕೈಸೇರಿದರೆ, ಹಾಲು ಕುಡಿದು ಹಸುವಿಗೆ ಹುಲ್ಲು ಹಾಕದ ಹಾಗಾಗುತ್ತದೆ. ಆದರೆ ಇಪ್ಪತ್ತು ವರ್ಷ ಮರುಮುದ್ರಣ ಕಾಣಿಸದೆ ಸ್ವಾಮ್ಯವನ್ನು ಮಾತ್ರ ಪೆಟ್ಟಿಗೆಯಲ್ಲಿಟ್ಟುಕೊಂಡವರು ಓದುಗನನ್ನು ಕಳ್ಳನೆಂದು ಕರೆಯುವುದೂ ಅಷ್ಟೇ ಅನ್ಯಾಯ.

ದಾರಿಯಿಲ್ಲದಿಲ್ಲ. ತನ್ನಲ್ಲಿರುವ ಪುಸ್ತಕವನ್ನು ರಕ್ಷಣೆಗಾಗಿ ಗಣಕಕ್ಕೆ ಏರಿಸಿಕೊಳ್ಳಲು ಲಾಭೋದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯಕ್ಕೆ ೨೦೧೨ರ ತಿದ್ದುಪಡಿ ಅವಕಾಶ ಕೊಟ್ಟಿದೆ. ದೇಶದಲ್ಲಿ ಮಾರಾಟಕ್ಕೇ ಸಿಗದ ಪುಸ್ತಕದ ಮೂರು ಪ್ರತಿಗಳವರೆಗೆ ಮಾಡಿಕೊಳ್ಳಬಹುದು. ಒಡೆಯರ ಗುರುತೇ ಸಿಗದ ಕೃತಿಗಳಿಗೆ ಅನುಮತಿ ಪಡೆಯುವ ಕ್ರಮವನ್ನೂ ಶಾಸನ ಹೇಳಿದೆ. ಹಾಸನ ಜಿಲ್ಲೆಯ ಗ್ರಂಥಾಲಯಗಳು ತಮ್ಮ ಜಿಲ್ಲೆಯ ಲೇಖಕರಿಂದಲೇ ಈ ಕೆಲಸವನ್ನು ಆರಂಭಿಸಬಾರದೇಕೆ? ಪ್ರಕಾಶಕರೂ ಲೇಖಕರ ಮಕ್ಕಳೂ ಮರುಮುದ್ರಣ ಸಾಧ್ಯವಾಗದ ಪುಸ್ತಕಗಳನ್ನು ಅಲ್ಪ ಬೆಲೆಗೆ ಮೊಬೈಲಿನಲ್ಲಿ ಒದಗಿಸಬಾರದೇಕೆ?

ನನ್ನ ಗುರುಗಳಿಗೆ ಉತ್ತರವಿದು: ಮೇಷ್ಟ್ರೇ, ತನ್ನೊಬ್ಬನ ಓದಿಗೆ ಪ್ರತಿಮಾಡಿಕೊಳ್ಳುವವನ ವಿಷಯದಲ್ಲಿ ಕಾನೂನು ಉದಾರವಾಗಿದೆ, ಗುಂಪಿಗೆ ಹಂಚಿದ್ದಕ್ಕೆ ಆ ಔದಾರ್ಯದ ನೆರಳು ಮುಟ್ಟದು. ತಪ್ಪಿನಲ್ಲಿ ಒಂದು ಪಾಲು ನಿಮ್ಮದು. ಉಳಿದ ಪಾಲು, ನಿಮ್ಮೂರಿನ ನೆರೆಯವರ ಪುಸ್ತಕವನ್ನು ನಿಮಗೆ ಹಾಸನದಲ್ಲಿ ದೊರಕಿಸಿಕೊಡಲಾರದೆ ಹೋದ ನಮ್ಮೆಲ್ಲರದು.