ತಿಳಿನೀರಿನಲ್ಲಿ ಸಾಯುವ ಮೀನು

ನೀರು ಕಣ್ಣಿಗೆ ತಿಳಿಯಾಗಿ ಕಂಡ ಮಾತ್ರಕ್ಕೆ ಅದು ಜೀವಕ್ಕೆ ಹಿತವೆಂದು ಹೇಳಲಾಗದು. ಕೆರೆ, ಬಾವಿ, ಕಾಲುವೆಗಳನ್ನು ನೆಚ್ಚಿ ಬಾಳಿದ ನಮ್ಮ ಬಯಲುಸೀಮೆಯವರಿಗೆ ಈ ಮಾತು ಹೊಸದೇನೂ ಅಲ್ಲ. ಆದರೂ ಪಡಸಾಲೆಯಲ್ಲಿಟ್ಟ ಗಾಜಿನ ಮೀನುತೊಟ್ಟಿಯ ವಿಷಯದಲ್ಲಿ ಇದನ್ನು ಮರೆಯುವುದುಂಟು.

ಅಣ್ಣಿಗೇರಿ ಭಾಗದ ಗೃಹಸ್ಥರೊಬ್ಬರು ಕೇಳಿದ್ದಾರೆ: ಕಡಲಿನ ಬಣ್ಣದ ಮೀನುಗಳನ್ನು ತಂದು ಉಪ್ಪುನೀರಿನ ತೊಟ್ಟಿ ಹೂಡಿದೆವು. ನೀರು ಸ್ಫಟಿಕದಂತಿದೆ, ಮೀನಿನ ಮೈಮೇಲೆ ರೋಗದ ಗುರುತಿಲ್ಲ. ಆದರೂ ಮೂರು ವಾರಗಳಲ್ಲಿ ಒಂದೊಂದಾಗಿ ಎಲ್ಲವೂ ಸತ್ತವು. ಮನೆಗೆ ಬರಲಿದ್ದ ಕಂಟಕವನ್ನು ಮೀನುಗಳು ಹೊತ್ತುಕೊಂಡು ಹೋದವೆಂದು ಕೆಲವರು ಹೇಳಿದರೆ, ಹೊಸದಾಗಿ ಬಂದ ಸೊಸೆಯ ಕಾಲ್ಗುಣವೆಂದು ಇನ್ನು ಕೆಲವರು ಆಡಿಕೊಳ್ಳುತ್ತಾರೆ. ನಿಜವಾದ ಕಾರಣವೇನು?

ಸತ್ತ ಮೀನಿಗಿಂತ ಆ ಹೆಣ್ಣುಮಗಳು ಹೊತ್ತಿರುವ ಮಾತು ಭಾರವಾದುದು. ಆದುದರಿಂದ ಕಾರಣವನ್ನು ಸ್ಪಷ್ಟವಾಗಿ ತಿಳಿಯುವುದು ಅವಶ್ಯ.

ಮೀನಿನ ವಿಸರ್ಜನೆಯಿಂದಲೂ ತಿನ್ನದೆ ಉಳಿದ ಆಹಾರ ಕೊಳೆಯುವುದರಿಂದಲೂ ನೀರಿನಲ್ಲಿ ಅಮೋನಿಯಾ ಉಂಟಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ಆದುದರಿಂದಲೇ ನೀರು ತಿಳಿಯಾಗಿ ಕಾಣುತ್ತದೆ. ಅಮೋನಿಯಾವನ್ನು ಒಂದು ಬಗೆಯ ಸೂಕ್ಷ್ಮಜೀವಿಗಳು ನೈಟ್ರೈಟ್ ಆಗಿಯೂ, ಅದನ್ನು ಇನ್ನೊಂದು ಬಗೆಯವು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಮರಳು, ಕಲ್ಲು, ಶೋಧಕದ ಸ್ಪಂಜುಗಳಲ್ಲಿ ಇವು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಷ್ಟರೊಳಗೆ ಮೀನು ತುಂಬಿದರೆ ಅವು ತಮ್ಮದೇ ವಿಷದಲ್ಲಿ ಉಸಿರಾಡಬೇಕಾಗುತ್ತದೆ. ಕಡಲನೀರು ಕ್ಷಾರಗುಣವುಳ್ಳದ್ದು, ಅದರ ಪಿಎಚ್ ಸುಮಾರು 8.1ರಿಂದ 8.4. ಕ್ಷಾರಗುಣ ಹೆಚ್ಚಿದಷ್ಟೂ ಅಮೋನಿಯಾ ತೀಕ್ಷ್ಣವಾಗುವುದರಿಂದ ಉಪ್ಪುನೀರಿನ ತೊಟ್ಟಿಗೆ ಅಪಾಯ ಹೆಚ್ಚು.

ನಮ್ಮ ಸೀಮೆಗೆ ಸಂಬಂಧಿಸಿದ ಕಾರಣಗಳೂ ಉಂಟು. ನವಲಗುಂದ, ಅಣ್ಣಿಗೇರಿಗಳ ಎರೆನೆಲದಲ್ಲಿ ಕೊಳವೆಬಾವಿಯ ನೀರು ಬಹಳ ಕಡೆ ಸವಳು. ನೀರು ಹೇಗೂ ಉಪ್ಪಾಗಿದೆ, ಇನ್ನಷ್ಟು ಅಡಿಗೆ ಉಪ್ಪು ಬೆರೆಸಿದರಾಯಿತೆಂದು ತಿಳಿಯಬಾರದು. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದ್ದು, ಅದರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಮೊದಲಾದವು ಗೊತ್ತಾದ ಪ್ರಮಾಣದಲ್ಲಿವೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರಿಗೆ, ಕಡಲ ಮೀನಿಗೆಂದೇ ಮಾಡಿದ ಲವಣಮಿಶ್ರಣವನ್ನು ಕೂಡಿಸುವುದೇ ಸರಿ. ಆ ನೀರನ್ನು ತಾಮ್ರದ ಕೊಡದಲ್ಲಿ ತುಂಬಿಡಬಾರದು. ತಾಮ್ರ ಮೀನಿಗೆ ವಿಷ, ಸಿಗಡಿ-ಹವಳಗಳಿಗಂತೂ ಮಾರಕ. ಬೇಸಿಗೆಯಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಅಲ್ಲಿಯೇ ಉಳಿಯುತ್ತದೆ. ಆದುದರಿಂದ ಕಡಿಮೆಯಾದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ವಿದ್ಯುತ್ ಹೋಗಿ ಪಂಪು ನಿಂತರೆ ಸಂಕಟ ಇಮ್ಮಡಿಯಾಗುತ್ತದೆ. ಸೊಳ್ಳೆಗೆ ಸಿಂಪಡಿಸುವ ಔಷಧವೂ ಮೀನನ್ನು ಕೊಲ್ಲಬಲ್ಲದು.

ಮೀನು ಸತ್ತೊಡನೆ ತೊಟ್ಟಿಯನ್ನೆಲ್ಲ ಬರಿದುಮಾಡಿ ತಿಕ್ಕಿ ತೊಳೆಯುವುದು ಹಲವರ ಪದ್ಧತಿ. ಹಾಗೆ ಮಾಡಿದಾಗ ಆಗತಾನೆ ನೆಲೆಗೊಳ್ಳುತ್ತಿದ್ದ ಉಪಕಾರಿ ಜೀವಿಗಳೂ ನಾಶವಾಗಿ, ಕಥೆ ಮೊದಲಿನಿಂದ ಆರಂಭವಾಗುತ್ತದೆ. ಕಾರಣ ವಿಚಾರಿಸದ ಭಯ ಎಷ್ಟು ದುಬಾರಿಯೆಂಬುದನ್ನು ನಮ್ಮ ಜಿಲ್ಲೆಯೇ ಕಂಡಿದೆ. 2018ರ ನವೆಂಬರ್ ಕೊನೆಯಲ್ಲಿ ನವಲಗುಂದ ತಾಲ್ಲೂಕಿನ ಮೊರಬದ ಕೆರೆಯಲ್ಲಿ ಮಹಿಳೆಯೊಬ್ಬರ ಶವ ದೊರೆಯಿತು. ಅವರಿಗೆ ಎಚ್‌ಐವಿ ಸೋಂಕಿತ್ತೆಂಬ ಸುದ್ದಿ ಹಬ್ಬಿದ್ದರಿಂದ ಜನರು ಆ ನೀರನ್ನು ಮುಟ್ಟಲೊಪ್ಪಲಿಲ್ಲ. ಆ ಸೋಂಕು ನೀರಿನಿಂದ ಹರಡುವುದಿಲ್ಲ. ಆದರೂ ಊರಿಗೆ ಕುಡಿಯಲು ಕೊಟ್ಟ ಕೆರೆಯನ್ನು ಪಂಪು ಹಚ್ಚಿ ಬರಿದುಮಾಡಲಾಯಿತು. ತೊಟ್ಟಿಗೂ ಕೆರೆಗೂ ಗಾತ್ರದಲ್ಲಿ ಅಂತರವಿದೆ; ಭಯದ ಸ್ವಭಾವದಲ್ಲಿ ಅಂತರವಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಹೊಸ ಮೀನು ತರುವುದನ್ನು ಮೊದಲು ನಿಲ್ಲಿಸಬೇಕು. ಸತ್ತ ಮೀನನ್ನು ಕೂಡಲೇ ಹೊರತೆಗೆದು, ಉಳಿದವುಗಳಿದ್ದರೆ ಆಹಾರವನ್ನು ಕಡಿಮೆಮಾಡಬೇಕು. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಪರೀಕ್ಷಾ ದ್ರಾವಣದಿಂದ ಅಮೋನಿಯಾ, ನೈಟ್ರೈಟ್‌ಗಳನ್ನು ನೋಡಬೇಕು, ಎರಡೂ ಸೊನ್ನೆಯಿರಬೇಕು. ಇಲ್ಲವಾದರೆ ಕಾಲುಭಾಗ ನೀರನ್ನು ತೆಗೆದು, ಅಷ್ಟೇ ಉಪ್ಪು, ಅಷ್ಟೇ ಬಿಸುಪು ಇರುವ ನೀರನ್ನು ತುಂಬಬೇಕು. ಸ್ಪಂಜನ್ನು ನಲ್ಲಿಯ ನೀರಿನಲ್ಲಿ ತೊಳೆಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದ್ದಿ ಹಿಂಡಬೇಕು. ದಿನದಿನದ ಲೆಕ್ಕವನ್ನು ಒಂದು ವಹಿಯಲ್ಲಿ ಬರೆದಿಡಬೇಕು. ಎರಡೂ ಸೊನ್ನೆಯಾಗಿ ಕೆಲವು ದಿನ ಹಾಗೆಯೇ ಉಳಿದ ಮೇಲೆ ಒಂದೋ ಎರಡೋ ಮೀನು ತಂದರೆ ಸಾಕು. ಅವೂ ಕಡಲಿನಿಂದ ಹಿಡಿದವುಗಳಾಗದೆ, ತೊಟ್ಟಿಯಲ್ಲಿಯೇ ಮರಿಯಾಗಿ ಬೆಳೆದವಾಗಿದ್ದರೆ ಲೇಸು. ಕ್ಲೌನ್ ಮೀನನ್ನು ಹಾಗೆ ಬೆಳೆಸುವ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನಮ್ಮ ದೇಶದಲ್ಲಿಯೇ ಸಿದ್ಧಪಡಿಸಿದ್ದಾರೆ.

ಇಷ್ಟು ತಾಳ್ಮೆ ಸಾಧ್ಯವಿಲ್ಲವೆನಿಸಿದರೆ ತೊಟ್ಟಿಯನ್ನು ಇಡದಿರುವುದೇ ಮೇಲು. ಕಣ್ಣಿನ ಸಂತೋಷಕ್ಕಾಗಿ ತಂದ ಜೀವದ ಹೊಣೆ ತಂದವರದೇ. ಆ ವಹಿಯನ್ನು ಸೊಸೆಯ ಕೈಗೇ ಕೊಟ್ಟು, ಅಲ್ಲಿ ಬರೆದ ಅಂಕಿಗಳನ್ನು ಮನೆಯ ಹಿರಿಯರೆದುರು ಓದಿಸಿರಿ.