ಚಳಿಗಾಲಕ್ಕೊಂದು ಗೋರಟೆ ಗಿಡ



ಮುಖಕ್ಕೆ ಹಚ್ಚುವ ಟೋನರ್ ಬಾಟಲಿಗಳ ಮೇಲೆ ‘ವಿಚ್ ಹೇಝಲ್’ ಎಂಬ ಹೆಸರನ್ನು ನೀವು ಓದಿರಬಹುದು. ಅದೊಂದು ಪೊದೆಗಿಡ. ಅಮೆರಿಕ, ಚೀನಾ, ಜಪಾನ್‌ಗಳ ಚಳಿ ಪ್ರದೇಶದ್ದು. ಎಲೆಗಳೆಲ್ಲ ಉದುರಿ ಕೊಂಬೆ ಬೋಳಾದ ಮೇಲೆ ಅದರಲ್ಲಿ ರಿಬ್ಬನ್ ಚೂರುಗಳಂತಹ ಹಳದಿ ಹೂ ಅರಳುತ್ತದೆ. ಚಳಿ ಹೆಚ್ಚಾದರೆ ಎಸಳು ಸುರುಳಿ ಸುತ್ತಿಕೊಳ್ಳುತ್ತದೆ, ಬಿಸಿಲು ಬಂದರೆ ಬಿಚ್ಚಿಕೊಳ್ಳುತ್ತದೆ. ಆದರೆ ಹೂ ಬಿಡಬೇಕಾದರೆ ಅದಕ್ಕೆ ನಿಜವಾದ ಚಳಿ ಬೇಕು. ಕುಂದಾಪುರದ ಕೋಡಿಯಂತಹ ಕಡಲ ಬದಿಯಲ್ಲಿ ರಾತ್ರಿ 20 ಡಿಗ್ರಿಯ ಆಸುಪಾಸಿಗೆ ಇಳಿದರೆ ಅದೇ ನಮಗೆ ದೊಡ್ಡ ಚಳಿ. ಇಲ್ಲಿ ಅದನ್ನು ನೆಟ್ಟು ಪ್ರಯೋಜನವಿಲ್ಲ.

ಹಾಗೆಂದು ನಮ್ಮ ಚಳಿಗಾಲಕ್ಕೆ ಹೂವಿಲ್ಲವೆಂದು ತಿಳಿಯಬೇಡಿ. ಡಿಸೆಂಬರ್, ಜನವರಿಯಲ್ಲಿ ಉಡುಪಿ ಮಲ್ಲಿಗೆಯ ಇಳುವರಿ ಕುಗ್ಗಿ ಬೆಲೆ ಮೇಲೇರುತ್ತದೆ. ಸರಿಯಾಗಿ ಆಗಲೇ ಬೇಲಿಯ ಬದಿಯಲ್ಲಿ ಗೋರಟೆ ಅರಳುತ್ತದೆ. ಬಿಳಿ, ನೇರಳೆ, ಗುಲಾಬಿ, ಬಿಳಿಯ ಮೇಲೆ ನೇರಳೆ ಗೆರೆಯದ್ದು ಹೀಗೆ ಇದರಲ್ಲಿ ಹಲವು ಬಣ್ಣಗಳಿವೆ. ಕೆಲವು ಕಡೆ ಇದನ್ನು ಸ್ಫಟಿಕದ ಹೂ ಎನ್ನುತ್ತಾರೆ. ಹಳದಿ ಹೂವಿನ ಮುಳ್ಳುಗೋರಟೆ ಇದೇ ಕುಟುಂಬದ್ದು. ಒಂದು ಎಚ್ಚರಿಕೆ: ಘಟ್ಟದ ಮೇಲೆ ಗೋರಂಟಿ ಎಂದರೆ ನಮ್ಮ ಮದರಂಗಿ. ಗಿಡ ಕೇಳುವಾಗ ಹೆಸರು ತಪ್ಪಿದರೆ ಬೇರೆ ಗಿಡವೇ ಮನೆಗೆ ಬಂದೀತು!

ಗೋರಟೆಗೆ ಪರಿಮಳವಿಲ್ಲ. ಪರಿಮಳ ಬೇಕೆನ್ನುವವರು ಜೊತೆಗೆ ಕುಂದ ಮಲ್ಲಿಗೆಯನ್ನು ನೆಡಬಹುದು. ಅದೂ ಚಳಿಗಾಲದ ಹೂವೇ. ಮಾಘ ಮಾಸದಲ್ಲಿ ಅರಳುವುದರಿಂದ ಸಂಸ್ಕೃತದಲ್ಲಿ ಅದಕ್ಕೆ ‘ಮಾಘ್ಯ’ ಎಂಬ ಹೆಸರಿದೆ. ಕುಂದಾಪುರ ಎಂಬ ಹೆಸರಿಗೆ ಇರುವ ಹಲವು ವಿವರಣೆಗಳಲ್ಲಿ ಈ ಹೂವಿನದೂ ಒಂದು.

ಗೋರಟೆ ಬೆಳೆಸಲು ನರ್ಸರಿಗೆ ಹೋಗಬೇಕಾಗಿಲ್ಲ. ಮಳೆಗಾಲದ ಆರಂಭದಲ್ಲಿ ನೆರೆಮನೆಯಿಂದ ಗೇಣುದ್ದದ ನಾಲ್ಕು ಗೆಲ್ಲು ಕೇಳಿ ತನ್ನಿ. ತೀರಾ ಎಳೆಯದು ಬೇಡ. ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಊರಿದರೆ ಸಾಕು.

ಕೋಡಿಯ ಹೊಯಿಗೆಯಲ್ಲಿ ನೀರು, ಗೊಬ್ಬರ ಎರಡೂ ನಿಲ್ಲುವುದಿಲ್ಲ. ಆದ್ದರಿಂದ ಒಂದೂವರೆ ಅಡಿ ಆಳದ ಗುಂಡಿ ತೆಗೆದು ತಳಕ್ಕೆ ತೆಂಗಿನ ಸಿಪ್ಪೆ ಹಾಸಿ. ಅದು ತೇವ ಹಿಡಿದಿಡುತ್ತದೆ. ಮೇಲೆ ಕೆಂಪು ಮಣ್ಣು, ಹಟ್ಟಿಗೊಬ್ಬರ, ಕೊಳೆತ ತರಗೆಲೆ ಬೆರೆಸಿ ತುಂಬಿಸಿ. ಗಿಡದಿಂದ ಗಿಡಕ್ಕೆ ಎರಡು ಮೂರು ಅಡಿ ಅಂತರವಿರಲಿ. ಮಳೆಗಾಲದಲ್ಲಿ ಪಡುವಣ ಗಾಳಿ ಉಪ್ಪಿನ ಹನಿ ಹೊತ್ತು ತರುತ್ತದೆ. ಮನೆಯ ಮೂಡು ಬದಿಯಲ್ಲೋ ಆವರಣ ಗೋಡೆಯ ಮರೆಯಲ್ಲೋ ನೆಟ್ಟರೆ ಗಿಡಕ್ಕೆ ರಕ್ಷಣೆ. ಆದರೆ ಬಿಸಿಲು ಬೀಳಲೇಬೇಕು.

ಜುಲೈ, ಆಗಸ್ಟ್‌ನಲ್ಲಿ ಕುಡಿ ಚಿವುಟಿದರೆ ಗಿಡ ಪೊದೆಯಾಗುತ್ತದೆ. ಸೆಪ್ಟೆಂಬರ್ ಕಳೆದ ಮೇಲೆ ಕತ್ತರಿ ಹಾಕಬೇಡಿ. ಹೂ ಬರುವುದು ಗೆಲ್ಲುಗಳ ತುದಿಯಲ್ಲಿ ಮತ್ತು ಎಲೆಯ ಕಂಕುಳಲ್ಲಿ. ತುದಿ ಕತ್ತರಿಸಿದರೆ ಹೂವೂ ಹೋಯಿತು. ಹೂಗಾಲ ಮುಗಿದ ಮೇಲೆ, ಫೆಬ್ರವರಿ ಕೊನೆಗೆ, ಗಿಡವನ್ನು ಅರ್ಧಕ್ಕೆ ಸವರಿ. ನೀರಿಗಾಗಿ ಚಿಂತೆ ಬೇಡ. ವುಝೂವಿನ ನೀರಿನಲ್ಲಿ ಸಾಬೂನು ಇರುವುದಿಲ್ಲ. ಅದನ್ನು ಚರಂಡಿಗೆ ಬಿಡುವ ಬದಲು ಗಿಡದ ಬುಡಕ್ಕೆ ಹರಿಸಿದರೆ ಸಾಕು.

ಈಗ ಮುಖ್ಯ ಮಾತಿಗೆ ಬರೋಣ. ಗೋರಟೆ ಕಷ್ಟದ ಗಿಡವಲ್ಲ. ಹಾಗಿದ್ದೂ ಅದು ಅಂಗಳದಿಂದ ಮಾಯವಾಗುತ್ತಿರುವುದೇಕೆ? ಊರಿದರೆ ಬದುಕುವ ಗಿಡಕ್ಕೆ ಊರಲು ಮಣ್ಣೇ ಉಳಿದಿಲ್ಲ. ಹೊಸ ಮನೆಯಾದೊಡನೆ ಗೇಟಿನಿಂದ ಮೆಟ್ಟಿಲಿನವರೆಗೆ ಇಂಟರ್‌ಲಾಕ್ ಹಾಸಿಬಿಡುತ್ತೇವೆ. ಗುಡಿಸಲು ಸುಲಭ, ನೋಡಲು ಚೆಂದ, ನಿಜ. ಆದರೆ ಅದರ ಬೆಲೆಯನ್ನು ತೆರುವುದು ನಮ್ಮ ಬಾವಿ.

ಒಂದು ಬದಿಗೆ ಅರಬೀ ಸಮುದ್ರ, ಇನ್ನೊಂದು ಬದಿಗೆ ಪಂಚಗಂಗಾವಳಿಯ ಹೊಳೆ, ನಡುವಿನ ಹೊಯಿಗೆಯ ಪಟ್ಟಿಯೇ ಕೋಡಿ. ಇಂತಹ ನೆಲದಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ಏಕೆಂದರೆ ಅದು ಹಗುರ. ಮಳೆ ಇಂಗಿದಷ್ಟೂ ಸಿಹಿನೀರಿನ ಪದರ ದಪ್ಪವಾಗಿ ಉಪ್ಪನ್ನು ಕೆಳಗೆ ತಳ್ಳುತ್ತದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆಯಾಗುತ್ತದೆ. ಅದು ಅಂಗಳದಿಂದ ಜಾರಿ ರಸ್ತೆಗೆ, ರಸ್ತೆಯಿಂದ ಕಡಲಿಗೆ ಹೋದರೆ ಬೇಸಿಗೆಯಲ್ಲಿ ಕೊಡ ಹಿಡಿದು ಟ್ಯಾಂಕರಿಗೆ ಕಾಯಬೇಕಾದವರು ಯಾರು? ನಾವೇ ತಾನೇ?

ಮನೆಯ ನಕ್ಷೆ, ಬಣ್ಣ, ಗೇಟು ಎಲ್ಲವನ್ನೂ ಗಂಡಸರು ಫೋನಿನಲ್ಲೇ ತೀರ್ಮಾನಿಸಬಹುದು. ಅಂಗಳದ ವಿಷಯ ಬಂದಾಗ ಮಾತ್ರ ನೀವು ಸುಮ್ಮನಿರಬೇಡಿ. ಗೋಡೆಯುದ್ದಕ್ಕೂ ಮೂರು ಅಡಿ ಅಗಲದ ಮಣ್ಣನ್ನು ಬಿಡಿಸಿಕೊಳ್ಳಿ. ಅಂಗಳದ ಇಳಿಜಾರು ರಸ್ತೆಯ ಕಡೆಗಲ್ಲ, ಆ ಮಣ್ಣಿನ ಕಡೆಗಿರಲಿ. ಮಳೆ ಅಲ್ಲಿ ಇಂಗುತ್ತದೆ, ಗೋರಟೆ ಅಲ್ಲೇ ಅರಳುತ್ತದೆ. ಈಗಾಗಲೇ ಇಂಟರ್‌ಲಾಕ್ ಹಾಕಿಸಿದ್ದರೆ ಗೋಡೆಯ ಪಕ್ಕದ ಎರಡು ಸಾಲು ಎಬ್ಬಿಸುವುದು ಒಂದು ದಿನದ ಕೆಲಸ.

ಮುಂದಿನ ಮಳೆಗಾಲದಲ್ಲಿ ನಾಲ್ಕು ಗೆಲ್ಲು ಊರಿ ನೋಡಿ. ಅದರ ಮರುವರ್ಷ ನಿಮ್ಮ ಗಿಡದಿಂದಲೂ ನಾಲ್ಕು ಗೆಲ್ಲು ಮುರಿದು ನೆರೆಮನೆಗೆ ಕೊಡಿ.